ಸೆನ್ಸರ್ ಬದಲಿಸುವ ಮುನ್ನ ವೈರು ನೋಡಿ

ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ 508 ಕಿ.ಮೀ. ಮಾರ್ಗ ಸೂರತ್, ವಡೋದರಾಗಳನ್ನು ಹಾದುಹೋಗುತ್ತದೆ. ಇಂಥ ಕಾಮಗಾರಿಯಲ್ಲಿ ಎಕ್ಸ್‌ಕವೇಟರ್ ಕೆಟ್ಟು ನಿಂತರೆ ಬಾಡಿಗೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಆ ಅವಸರದಲ್ಲೇ, ಪರದೆಯಲ್ಲಿ ಕೋಡ್ ಕಂಡೊಡನೆ ಸೆನ್ಸರ್ ಬದಲಿಸುವ ಅಭ್ಯಾಸ ಬೆಳೆದಿದೆ. ಅದು ದುಬಾರಿ ಊಹೆ.

ಕೋಡ್ ತೋರಿಸುವುದು ಸರ್ಕ್ಯೂಟನ್ನು, ಬಿಡಿಭಾಗವನ್ನಲ್ಲ. ಜೆ1939 ಪದ್ಧತಿಯಲ್ಲಿ ಎಸ್‌ಪಿಎನ್ 100 ಎಂದರೆ ಎಂಜಿನ್ ಆಯಿಲ್ ಪ್ರೆಷರ್. ಜೊತೆಗೆ ಎಫ್‌ಎಂಐ 1 ಇದ್ದರೆ ಪ್ರೆಷರ್ ನಿಜಕ್ಕೂ ಕುಸಿದಿರಬಹುದು. ಎಂಜಿನ್ ಕೂಡಲೇ ನಿಲ್ಲಿಸಬೇಕು. 3 ಇದ್ದರೆ ವೋಲ್ಟೇಜ್ ಹೆಚ್ಚು, 4 ಇದ್ದರೆ ಕಡಿಮೆ: ಇವು ವಿದ್ಯುತ್ ದೋಷಗಳು. ಉಜ್ಜಿ ಸುಲಿದ ವೈರು, ಕನೆಕ್ಟರಿಗೆ ಇಳಿದ ನೀರು, ಕಿಲುಬು ಹಿಡಿದ ಪಿನ್ನು ಯಾವುದೂ ಕಾರಣವಾಗಬಹುದು. ಹಲವು ಸೆನ್ಸರ್‌ಗಳು ಒಂದೇ 5 ವೋಲ್ಟ್ ಲೈನ್ ಹಂಚಿಕೊಂಡಿದ್ದರೆ, ಒಂದು ಶಾರ್ಟ್ ಆದಾಗ ಉಳಿದವೂ ಕೆಟ್ಟಂತೆ ಕಾಣುತ್ತವೆ.

ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಮಲ್ಟಿಮೀಟರಿನಲ್ಲಿ 5 ವೋಲ್ಟ್, ಅರ್ತಿಂಗ್, ಸಿಗ್ನಲ್ ವೈರು ಮೂರನ್ನೂ ಪರೀಕ್ಷಿಸಬೇಕು. ಮೂರೂ ಸರಿಯಿದ್ದರೆ ಮಾತ್ರ ಸೆನ್ಸರ್ ಮೇಲೆ ಅನುಮಾನ.

ಆದರೆ ವೈರಿಂಗ್ ನಕ್ಷೆಯೇ ಕೈಗೆ ಸಿಗದಿದ್ದರೆ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್ ಎಲ್ಲಿ ಅಳೆಯಬೇಕು? ಹೊಗೆ ನಿಯಂತ್ರಣದ ಸೆಟ್ಟಿಂಗ್ ಯಾರೂ ತಿದ್ದಬಾರದೆಂಬ ತಯಾರಕರ ಆತಂಕ ನ್ಯಾಯವೇ. ತಿದ್ದುವುದಕ್ಕೆ ಬೀಗವಿರಲಿ, ಓದುವುದಕ್ಕೆ ಬೇಡ. 2025ರ ಜನವರಿಯಿಂದ ಹೊಸ ಯಂತ್ರಗಳಿಗೆ ಸಿಇವಿ 5ನೇ ಹಂತದ ನಿಯಮ ಬಂದಿದೆ. ಹೊಗೆ ಶುದ್ಧೀಕರಣದ ಜೊತೆ ಸೆನ್ಸರ್‌ಗಳೂ ಹೆಚ್ಚುತ್ತವೆ. ನಕ್ಷೆಯನ್ನು ಯಂತ್ರದ ಜೊತೆಗೇ ಕೊಡಬೇಕು. ಮಾಲೀಕರೂ ಬಿಲ್ಲಿನಲ್ಲಿ ಬಿಡಿಭಾಗದ ಬೆಲೆಗಿಂತ ಮೊದಲು ಅಳತೆಯ ಅಂಕಿ ಕೇಳಬೇಕು.