ಕಲ್ಲಿನೊಳಗಿನ ಮುಳ್ಳುಗೋಳ

ಅಳೆಯಲಾಗದುದು ವಿಜ್ಞಾನವಲ್ಲವೆಂಬ ಮಾತು ಭೌತವಿಜ್ಞಾನದ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಜೀವಿಯೊಂದರ ಆಕಾರವನ್ನೂ ಅದರ ಮೈಮೇಲಿನ ಮುಳ್ಳುಗಳನ್ನೂ ಪುಟಗಟ್ಟಲೆ ವರ್ಣಿಸುವವರನ್ನು ಕಂಡರೆ ನಮ್ಮ ಬಳಗದಲ್ಲಿ ಅನೇಕರಿಗೆ ತಾತ್ಸಾರ. ಅಂಚೆಚೀಟಿ ಕೂಡಿಹಾಕುವುದಕ್ಕೂ ಇದಕ್ಕೂ ಭೇದವೇನೆಂದು ಕೇಳುವವರುಂಟು. ಈ ತಾತ್ಸಾರವು ಅನ್ಯಾಯವಾದುದೆಂದು, ಭೌತವಿಜ್ಞಾನವನ್ನೇ ಬೋಧಿಸುವ ನಾವು ಹೇಳಬಯಸುತ್ತೇವೆ. ಸಾಕ್ಷಿಗೆ ಒಂದು ಪಳೆಯುಳಿಕೆ ಸಾಕು.

ಅದರ ಹೆಸರು ಸ್ಪಿನಿಫೆರೈಟಿಸ್ ರಾಮೋಸಸ್. ಜರ್ಮನಿಯ ಎಹ್ರೆನ್‌ಬರ್ಗ್ ಎಂಬ ವಿದ್ವಾಂಸನು 1830ರ ದಶಕದಲ್ಲಿ ಚಕಮಕಿ ಕಲ್ಲಿನ ಚಕ್ಕೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಇದನ್ನು ಕಂಡನು; ಸಿಹಿನೀರಿನ ಪಾಚಿಯೊಂದರ ಬಂಧುವೆಂದು ಎಣಿಸಿ ಅದರ ಕುಲಕ್ಕೇ ಸೇರಿಸಿದನು. 1933ರಲ್ಲಿ ಆಟೊ ವೆಟ್ಸೆಲ್ ಇಂತಹವುಗಳಿಗೆ ಮುಳ್ಳುಹಂದಿಯ ಗ್ರೀಕ್ ಹೆಸರನ್ನು ಸೇರಿಸಿ ಹಿಸ್ಟ್ರಿಕೊಸ್ಫೀರಾ ಎಂದು ಕರೆದನು. ಹೆಸರು ಬಂದಿತು, ಜೀವಿ ಯಾವುದೆಂಬುದು ಇತ್ಯರ್ಥವಾಗಲಿಲ್ಲ.

ಇನ್ನು ವರ್ಣನೆಯನ್ನು ನೋಡೋಣ. ನಡುವಿನ ಕಾಯವು ಮೊಟ್ಟೆಯಾಕಾರದ್ದು. ಅಡ್ಡಳತೆಯು ಸುಮಾರು ಮಿಲಿಮೀಟರಿನ ಇಪ್ಪತ್ತೈದರಲ್ಲೊಂದು ಪಾಲು. ಗದ್ದೆಯ ಬದುಗಳಂತೆ ತಗ್ಗಾದ ಏಣುಗಳು ಅದರ ಮೈಯನ್ನು ಪಾಲುಪಾಲಾಗಿ ವಿಂಗಡಿಸುತ್ತವೆ. ಮುಳ್ಳುಗಳು ಮನಬಂದಂತೆ ಹರಡಿಲ್ಲ. ಬದುಗಳು ಕೂಡುವ ಮೂಲೆಗಳಲ್ಲಿ ಎದ್ದಿವೆ. ಮುಳ್ಳಿನ ತುದಿಯು ಮೂರು ಕವಲಾಗುತ್ತದೆ. ಪ್ರತಿ ಕವಲೂ ಮತ್ತೆ ಎರಡಾಗಿ ಸೀಳುತ್ತದೆ. ಬೆನ್ನಿನ ಕಡೆಯಲ್ಲಿ ಒಂದು ಕಂಡಿ: ಮುರಿದದ್ದಲ್ಲ, ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದಂತಹುದು, ಪ್ರತಿಯೊಂದರಲ್ಲಿಯೂ ಅದೇ ಸ್ಥಾನದಲ್ಲಿರುವಂತಹುದು.

ಅಮೆರಿಕದ ಎವಿಟ್ 1961ರಲ್ಲಿ ಇಂತಹ ವಿವರಗಳನ್ನೇ ಆಧಾರವಾಗಿಟ್ಟುಕೊಂಡು ವಾದಿಸಿದನು. ಡೈನೊಫ್ಲ್ಯಾಜೆಲೇಟ್ ಎಂಬ ಏಕಕೋಶಜೀವಿಗಳು ಎರಡು ಕಶಾಂಗಗಳ ಬಲದಿಂದ ಬುಗುರಿಯಂತೆ ತಿರುಗುತ್ತ ಈಜುತ್ತವೆ. ಅವುಗಳಲ್ಲಿ ಅನೇಕಕ್ಕೆ ಫಲಕಗಳ ಕವಚವಿರುತ್ತದೆ. ಜೀವಿ ಸತ್ತಮೇಲೆ ಅದು ಕೊಳೆತುಹೋಗುತ್ತದೆ. ಆದರೆ ಕೆಲವು ಜಾತಿಗಳು ವಿಶ್ರಾಂತಿಕಾಲಕ್ಕೆಂದು ಕವಚದೊಳಗೆ ಸಿಸ್ಟ್ ಎಂಬ ಗಟ್ಟಿಯಾದ ಚಿಪ್ಪನ್ನು ರಚಿಸಿಕೊಳ್ಳುತ್ತವೆ. ಕಲ್ಲನ್ನೇ ಕರಗಿಸುವ ಹೈಡ್ರೊಫ್ಲೂರಿಕ್ ಆಮ್ಲಕ್ಕೂ ಅದು ಜಗ್ಗದು. ಬದುಗಳು ಕಳೆದುಹೋದ ಫಲಕಗಳ ಅಂಚುಗಳನ್ನು ತೋರಿಸುತ್ತವೆ. ಕಂಡಿಯು ಒಂದು ಫಲಕದ ಆಕಾರವನ್ನು ತಳೆದಿದೆ, ಜೀವಿಯು ಹೊರಬಿದ್ದ ಬಾಗಿಲು ಅದು. ಮುಳ್ಳುಗೋಳಗಳಲ್ಲಿ ಹಲವು ಸಿಸ್ಟ್‌ಗಳೇ ಎಂಬುದು ಹೀಗೆ ತಿಳಿಯಿತು. ಅದೇ ದಶಕದಲ್ಲಿ ವುಡ್ಸ್ ಹೋಲ್‌ನ ವಾಲ್ ಮತ್ತು ಡೇಲ್ ಸಮುದ್ರದ ಕೆಸರಿನಿಂದ ಜೀವಂತ ಸಿಸ್ಟ್‌ಗಳನ್ನು ತೆಗೆದು, ಅವುಗಳಿಂದ ಈಜುವ ಜೀವಿ ಹೊರಬರುವುದನ್ನು ಕಣ್ಣಾರೆ ಕಂಡರು.

ಮುಳ್ಳುಗಳ ಸರಾಸರಿ ಉದ್ದವನ್ನು ಎಷ್ಟು ದಶಮಾಂಶ ಸ್ಥಾನಗಳವರೆಗೆ ಅಳೆದಿದ್ದರೂ ಈ ಫಲ ದೊರೆಯುತ್ತಿರಲಿಲ್ಲ. ಮುಳ್ಳು ಎಷ್ಟುದ್ದ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಇಲ್ಲಿ ಮುಖ್ಯ. ಸ್ಫಟಿಕಗಳ ಸಮ್ಮಿತಿಯನ್ನು ಪಾಠ ಹೇಳುವ ನಮಗಾದರೂ ಇದು ಅರ್ಥವಾಗಬೇಡವೇ?

ಇಂದು ಇಂತಹ ಸಿಸ್ಟ್‌ಗಳಿಂದ ತೈಲಬಾವಿಯ ಶಿಲಾಸ್ತರಗಳ ವಯಸ್ಸನ್ನು ನಿರ್ಣಯಿಸುತ್ತಾರೆ. ಹೀಗಿದ್ದರೂ ಆಕಾರವನ್ನು ಬಲ್ಲ ಕಣ್ಣನ್ನು ತರಬೇತುಗೊಳಿಸಲು ಕಾಲೇಜುಗಳು ಹಿಂಜರಿಯುತ್ತವೆ. ಚಿತ್ರ ಬರೆಯುವುದನ್ನು ವಿದ್ಯಾರ್ಥಿಯು ಅಂಕಕ್ಕಾಗಿ ಪಡುವ ಪಾಡೆಂದು ಭಾವಿಸುತ್ತಾನೆ. ಉಪಾಧ್ಯಾಯರೂ ಹಾಗೆಯೇ ಭಾವಿಸಿದರೆ ಗತಿಯೇನು? ಅಮೆರಿಕದ ಮೇನ್ ಕೊಲ್ಲಿಯಲ್ಲಿ ಚಿಪ್ಪುಮೀನುಗಳನ್ನು ವಿಷವಾಗಿಸುವ ಅಲೆಕ್ಸಾಂಡ್ರಿಯಮ್ ಎಂಬ ಡೈನೊಫ್ಲ್ಯಾಜೆಲೇಟ್ ಉಂಟು. ತಳದ ಕೆಸರಿನಲ್ಲಿ ಅದರ ಸಿಸ್ಟ್‌ಗಳೆಷ್ಟಿವೆಯೆಂದು ಎಣಿಸಿ ಮುಂದಿನ ಹಾವಳಿಯನ್ನು ಅಂದಾಜು ಮಾಡುವ ಕ್ರಮವು ಅಲ್ಲಿ ಬೆಳೆದಿದೆ. ಆ ಸಿಸ್ಟ್‌ಗೆ ಮುಳ್ಳಿಲ್ಲ, ಬದುವಿಲ್ಲ; ನುಣುಪಾದ ನೀಳಗುಳಿಗೆಯಂತಿರುತ್ತದೆ. ಎಣಿಸುವವನು ಮೊದಲು ಅದನ್ನು ಗುರುತಿಸಬೇಕು.