ವಸಂತ ಪ್ರವಾಸ: ಊರುಗಳನ್ನು ಆರಿಸುವ ಬಗೆ

ಮಾಘಮಾಸವು ಕಳೆದು ಮಾವು ಹೂಬಿಡುತ್ತಲೇ ಗೃಹಸ್ಥರ ಮನೆಗಳಲ್ಲಿ ಒಂದು ವಿಧವಾದ ಚಂಚಲತೆಯು ತಲೆದೋರುವುದು ವಾಡಿಕೆ. ಮಕ್ಕಳ ಪರೀಕ್ಷೆಗಳು ಮುಗಿಯುವ ದಿನವನ್ನು ಎಣಿಸುವುದು, ರೈಲಿನ ವೇಳಾಪಟ್ಟಿಯನ್ನು ತಿರುವಿಹಾಕುವುದು, ನಕ್ಷೆಯ ಮೇಲೆ ಬೆರಳನ್ನಿಟ್ಟು ಅಲ್ಲಿಂದ ಇಲ್ಲಿಗೆ ಎಳೆಯುವುದು, ಇವೆಲ್ಲ ಈ ಕಾಲದ ಲಕ್ಷಣಗಳು. ಗಾಜನೂರಿನಲ್ಲಿರುವ ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ನಮ್ಮೂರಿಗೆ ತುಂಗೆಯ ಅಣೆಕಟ್ಟು ಉಂಟೇ ಹೊರತು ರೈಲಿಲ್ಲ. ಗಾಡಿಯನ್ನು ಹಿಡಿಯಬೇಕಾದರೆ ಶಿವಮೊಗ್ಗಕ್ಕೆ ಹೋಗಬೇಕು. ಆದರೂ ಚೈತ್ರವು ಸಮೀಪಿಸಿತೆಂದರೆ ಆ ಸ್ಟೇಷನ್ನಿನ ಕೂಗು ಇಲ್ಲಿಯವರೆಗೆ ಕೇಳಿಸಿದಂತೆಯೇ ಆಗುತ್ತದೆ.

ಈ ಸಲ ನಮ್ಮ ಯೋಚನೆಯನ್ನು ಕೆದಕಿದುದು ಜರ್ಮನಿಯ ಮ್ಯೂನಿಕ್ ನಗರದಲ್ಲಿರುವ ನಮ್ಮ ಸೋದರಳಿಯನ ಒಂದು ಪತ್ರ. ಈಸ್ಟರ್ ಹಬ್ಬದ ಬಿಡುವಿನಲ್ಲಿ ಅವನು ಹೆಂಡತಿಯನ್ನೂ, ನಾಲ್ಕು ವರ್ಷದ ಮಗುವನ್ನೂ, ಇಲ್ಲಿಂದ ಹೋಗಿರುವ ತನ್ನ ತಾಯಿಯನ್ನೂ ಕರೆದುಕೊಂಡು ಹತ್ತು ದಿವಸ ರೈಲಿನಲ್ಲಿ ಸಂಚರಿಸುವನಂತೆ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಎಂದು ಎಂಟು ನಗರಗಳ ಪಟ್ಟಿಯನ್ನು ಬರೆದು, "ಇದಕ್ಕೆ ವೆನಿಸ್ ನಗರವನ್ನೂ ಸೇರಿಸಬಹುದೆ?" ಎಂದು ನಮ್ಮ ಅಭಿಪ್ರಾಯವನ್ನು ಕೇಳಿದ್ದಾನೆ. ನಾವು ಯೂರೋಪನ್ನು ಕಂಡವರಲ್ಲ; ಆದರೆ ಇಂಥ ಪಟ್ಟಿಯನ್ನು ಕಂಡವರು ಮಾತ್ರವಲ್ಲ, ಮಾಡಿದವರೂ ಹೌದು. ಅವನಿಗೆ ಕೊಡಬೇಕೆಂದಿರುವ ಉತ್ತರವು ವಾಚಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಯೂರೋಪಿನಲ್ಲಿ ಈ ಆಶೆಯು ಬೆಳೆಯುವುದಕ್ಕೆ ಒಂದು ಕಾರಣವುಂಟು. ಬೇರೆ ಖಂಡಗಳಿಂದ ಬರುವ ಪ್ರವಾಸಿಗಳಿಗಾಗಿ ೧೯೫೯ರಲ್ಲಿ ಯೂರೈಲ್ ಎಂಬ ಪಾಸನ್ನೂ, ಆ ಖಂಡದ ನಿವಾಸಿಗಳಾದ ತರುಣರಿಗಾಗಿ ೧೯೭೨ರಲ್ಲಿ ಇಂಟರ್‌ರೈಲ್ ಎಂಬ ಪಾಸನ್ನೂ ಅಲ್ಲಿನ ರೈಲ್ವೆಗಳು ಆರಂಭಿಸಿದುವು. ಈಗ ಎಲ್ಲ ವಯಸ್ಸಿನವರೂ ಇವುಗಳನ್ನು ಕೊಳ್ಳಬಹುದು. ಅಲ್ಲಿ ನೆಲಸಿರುವ ನಮ್ಮ ಸೋದರಳಿಯನಿಗೆ ಒಂದು ಬಗೆಯ ಪಾಸು. ಇಲ್ಲಿಂದ ಹೋದ ಅವನ ತಾಯಿಗೆ ಇನ್ನೊಂದು ಬಗೆಯದು. ಒಮ್ಮೆ ಹಣ ತೆತ್ತ ಮೇಲೆ ಇನ್ನೊಂದು ಊರಿಗೆ ಬೇರೆ ಟಿಕೆಟ್ಟು ಬೇಡವಲ್ಲ ಎಂದು ಮನಸ್ಸು ಹೇಳುತ್ತದೆ. ಪ್ಯಾರಿಸಿನಿಂದ ಬ್ರಸೆಲ್ಸಿಗೆ ವೇಗದ ಗಾಡಿಯಲ್ಲಿ ಒಂದೂವರೆ ಗಂಟೆಯೂ ಹಿಡಿಯುವುದಿಲ್ಲ. ವಿಯೆನ್ನಾದಿಂದ ಬುಡಾಪೆಸ್ಟಿಗೆ ಮೂರು ಗಂಟೆಯೊಳಗಿನ ದಾರಿ. ಆದರೆ ಗಾಡಿಯ ವೇಳೆಯೊಂದೇ ಪ್ರಯಾಣದ ವೇಳೆಯಲ್ಲ. ಹಾಸಿಗೆಯನ್ನು ಬಿಟ್ಟೇಳುವುದು, ಗಂಟುಮೂಟೆ ಕಟ್ಟುವುದು, ವಸತಿಗೃಹದ ಲೆಕ್ಕ ತೀರಿಸುವುದು, ಸ್ಟೇಷನ್ನಿಗೆ ಹೋಗುವುದು, ಹೊಸ ಊರಿನಲ್ಲಿ ಮತ್ತೆ ಕೊಠಡಿಯನ್ನು ಹುಡುಕುವುದು, ಇವೆಲ್ಲವೂ ಸೇರಿದರೆ ಒಂದೂವರೆ ಗಂಟೆಯ ದಾರಿಯು ಅರ್ಧ ದಿವಸವನ್ನು ನುಂಗಿಬಿಡುತ್ತದೆ. ಮುದುಕರೂ ಮಕ್ಕಳೂ ಜತೆಗಿದ್ದರೆ ಉಳಿದರ್ಧವೂ ದಣಿವಾರಿಸಿಕೊಳ್ಳುವುದರಲ್ಲಿಯೇ ಹೋಗುತ್ತದೆ.

ಈ ಲೆಕ್ಕವನ್ನು ನಾವು ಕಲಿತುದು ೨೦೨೪ರ ವಸಂತದಲ್ಲಿ, ನಮ್ಮದೇ ಮೂರ್ಖತನದಿಂದ. ಆಗ ನಾವು ಆರು ದಿವಸಗಳಲ್ಲಿ ಅರಸೀಕೆರೆ, ಹಾಸನ, ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು, ಶ್ರೀರಂಗಪಟ್ಟಣ ಎಂಬ ಏಳು ಸ್ಥಳಗಳನ್ನು ನೋಡಿ ಬರುವುದೆಂದು ನಿಶ್ಚಯಿಸಿದೆವು. ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ, ಬೀರೂರುಗಳ ಮೇಲೆ ಹೋಗುವ ಈ ಮಾರ್ಗವು ನಿಜವಾಗಿಯೂ ಸಂಪದ್ಭರಿತವಾದುದು. ತರೀಕೆರೆಯ ಸಮೀಪದಲ್ಲಿ ೧೧೯೬ರ ಅಮೃತಾಪುರದ ದೇವಾಲಯವಿದೆ; ಅರಸೀಕೆರೆಯಲ್ಲಿ ೧೨೨೦ರ ಈಶ್ವರನ ಗುಡಿಯಿದೆ; ಮುಂದೆ ೧೧೧೭ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಬೇಲೂರು. ೨೦೧೭ರಿಂದ ಹಾಸನಕ್ಕೂ ಬೆಂಗಳೂರಿಗೂ ಶ್ರವಣಬೆಳಗೊಳದ ಮೇಲೆ ನೇರವಾದ ದಾರಿಯಾಗಿರುವುದರಿಂದ ಗೊಮ್ಮಟನ ಪಾದದ ಬಳಿಗೂ ರೈಲಿನಲ್ಲಿಯೇ ಹೋಗಬಹುದು. ವೇಳಾಪಟ್ಟಿಯನ್ನು ನೋಡಿ ನೋಡಿ ಒಂದು ನಿಮಿಷವೂ ವ್ಯರ್ಥವಾಗದಂತೆ ಏರ್ಪಡಿಸಿದ್ದೆವೆಂಬ ಹೆಮ್ಮೆಯೂ ನಮಗಿತ್ತು.

ನಡೆದುದೇನೆಂದರೆ, ಅರಸೀಕೆರೆಯ ಗುಡಿಯನ್ನು ಕಾಣದೆಯೇ ಮುಂದಿನ ಗಾಡಿಗೆ ಓಡಿದೆವು. ಬೇಲೂರಿನಲ್ಲಿ ಒಂದು ಗಂಟೆ ಇದ್ದೆವು. ಆ ಭಿತ್ತಿಗಳ ಮುಂದೆ ಒಂದು ಗಂಟೆಯೆಂದರೆ ಸಮುದ್ರದಲ್ಲಿ ಒಂದು ಬೊಗಸೆ. ಶ್ರವಣಬೆಳಗೊಳವನ್ನು ಮುಟ್ಟುವಾಗ ಹಗಲು ಹನ್ನೊಂದು ಗಂಟೆ. ಅಲ್ಲಿ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತತಕ್ಕುದಷ್ಟೆ. ಚೈತ್ರದ ಬಿಸಿಲಿಗೆ ಬಂಡೆಯು ಕಾದ ಹೆಂಚಾಗಿತ್ತು. ಬೆಳಗಿನ ಜಾವದಲ್ಲಿ ಹೋಗಿದ್ದರೆ ನಮ್ಮ ತಾಯಿಯವರನ್ನು ಡೋಲಿಯಲ್ಲಿ ಕೂರಿಸಿ ಸುಖವಾಗಿ ದರ್ಶನ ಮಾಡಿಸಬಹುದಾಗಿತ್ತು. ವೇಳೆಯಿಲ್ಲವೆಂದು ಅವರನ್ನು ಕೆಳಗೆ ಗಂಟುಗಳ ಬಳಿಯಲ್ಲಿ ಬಿಟ್ಟು ಹತ್ತಿದೆವು. ಮೈಸೂರನ್ನು ಸೇರಿದುದು ಮಂಗಳವಾರ. ಆ ದಿವಸ ಮೃಗಾಲಯಕ್ಕೆ ವಾರದ ರಜೆ. ಪ್ರವಾಸದುದ್ದಕ್ಕೂ ಹುಲಿಯ ಜಪವನ್ನೇ ಮಾಡುತ್ತಿದ್ದ ಹುಡುಗನು ಮುಚ್ಚಿದ ಬಾಗಿಲನ್ನು ಕಂಡು ಅತ್ತನು. ಗೃಹಿಣಿಗೆ ತಲೆನೋವು. ಮರಳಿ ಬಂದ ರಾತ್ರಿ ಗಾಜನೂರಿನ ಜಗುಲಿಯ ಮೇಲೆ ಕುಳಿತು, "ಏನು ನೋಡಿದಿರಿ ಅಮ್ಮಾ?" ಎಂದು ಕೇಳಿದೆವು. "ನಿಮ್ಮೆಲ್ಲರ ಬೆನ್ನು ನೋಡಿದೆನಪ್ಪ," ಎಂದರು ತಾಯಿಯವರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ನಾಟಿತು.

ಮರುವರ್ಷ ವಸಂತವು ಬಂದಾಗ ನಾವು ನಕ್ಷೆಯನ್ನು ಬಿಡಿಸುವುದಕ್ಕೆ ಮೊದಲು ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆವು; ಮೊದಲು ಕೇಳಿದುದು ತಾಯಿಯವರನ್ನು. ಅವರು ತಡಮಾಡದೆ, "ಸಾಗರದ ಕಡೆಗೆ," ಎಂದರು. ನಮಗೆ ಆಶ್ಚರ್ಯವಾಯಿತು. ಶಿವಮೊಗ್ಗದಿಂದ ತಾಳಗುಪ್ಪದ ಕೊನೆಯವರೆಗೆ ಹೋದರೂ ರೈಲುದಾರಿಯು ನೂರು ಕಿಲೋಮೀಟರಿಗಿಂತ ಕಡಿಮೆ. ಸಾಗರವು ಅದಕ್ಕೂ ಈಚೆಗೆ. ಅಷ್ಟು ಹತ್ತಿರದ ಊರಿಗೆ ಹೋಗುವುದನ್ನು ಪ್ರವಾಸವೆಂದು ನಾವು ಎಣಿಸಿಯೇ ಇರಲಿಲ್ಲ. ಆದರೆ ಅವರಿಗೆ ಕಾರಣವಿತ್ತು. ಅವರ ತವರು ಶರಾವತಿಯ ದಡದ ಒಂದು ಹಳ್ಳಿ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಆದಾಗ ನೀರಿನ ಪಾಲಾದ ಹಳ್ಳಿಗಳಲ್ಲಿ ಅದೂ ಒಂದು. ಆಗ ಅವರಿಗೆ ಹತ್ತು ವರ್ಷ. ಮನೆಯ ಸಾಮಾನಿನೊಡನೆ ಲಾರಿಯಲ್ಲಿ ಕುಳಿತು ಶಿವಮೊಗ್ಗದ ಕಡೆಗೆ ಬಂದವರು ಮತ್ತೆ ಆ ದಿಕ್ಕಿಗೆ ಹೋಗಿರಲಿಲ್ಲ. ಬೇಸಗೆ ಸಮೀಪಿಸಿದಂತೆ ಹಿನ್ನೀರು ಇಳಿದು ಹಳೆಯ ನೆಲವು ಕಾಣುವುದೆಂದು ಯಾರೋ ಹೇಳಿದುದನ್ನು ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಆಶೆಯು ನಮಗೆ ತಿಳಿದಿರಲಿಲ್ಲ. ಏಕೆಂದರೆ ನಾವು ಕೇಳಿರಲಿಲ್ಲ.

ಆ ೨೦೨೫ರ ವಸಂತದಲ್ಲಿ ನಾವು ಆರಿಸಿದುದು ಒಂದೇ ಊರು. ಕಳೆದುದು ಮೂರು ರಾತ್ರಿ. ೧೯೪೦ರ ವೇಳೆಗೆ ತಾಳಗುಪ್ಪವನ್ನು ಮುಟ್ಟಿದ ಈ ದಾರಿಯು ಕುಂಸಿಯನ್ನು ದಾಟಿದ ಮೇಲೆ ಕಾಡನ್ನು ಹೊಗುತ್ತದೆ. ನಡುವೆ ಅರಸಾಳು ಎಂಬ ಸಣ್ಣ ಸ್ಟೇಷನ್ನು. ಶಂಕರನಾಗ್ ಅವರು 'ಮಾಲ್ಗುಡಿ ಡೇಸ್' ಧಾರಾವಾಹಿಗಾಗಿ ಇದನ್ನು ಮಾಲ್ಗುಡಿಯ ಸ್ಟೇಷನ್ನಾಗಿ ತೋರಿಸಿದ್ದರು. ಹಳೆಯ ಕಟ್ಟಡವನ್ನು ೨೦೨೦ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಸಾಗರದಲ್ಲಿ ಬಿಡಾರ ಮಾಡಿ, ಮೊದಲ ದಿವಸ ಇಕ್ಕೇರಿಯ ಅಘೋರೇಶ್ವರನನ್ನೂ ಕೆಳದಿಯ ದೇವಾಲಯಗಳನ್ನೂ ನಿಧಾನವಾಗಿ ನೋಡಿದೆವು. ಕೆಳದಿಯ ವೀರಭದ್ರನ ಗುಡಿಯ ಒಳಮಾಳಿಗೆಯಲ್ಲಿ ಕೆತ್ತಿರುವ ಗಂಡಭೇರುಂಡವನ್ನು ನೋಡುತ್ತ ಹುಡುಗನು ನೆಲದ ಮೇಲೆ ಅಂಗಾತ ಮಲಗಿಯೇ ಬಿಟ್ಟನು. ಎಬ್ಬಿಸುವ ಅವಸರ ನಮಗಿರಲಿಲ್ಲ.

ಎರಡನೆಯ ದಿವಸ ಹಿನ್ನೀರಿಗೆ ಹೋದೆವು. ಸಿಗಂದೂರಿನ ಕಡೆಗೆ ಹೋಗುವ ೨.೪೪ ಕಿಲೋಮೀಟರು ಉದ್ದದ ಸೇತುವೆಯು ಆ ವರ್ಷದ ಜುಲೈ ತಿಂಗಳಲ್ಲಿ ತೆರೆಯಿತು. ನಾವು ಹೋದಾಗ ಲಾಂಚಿನಲ್ಲಿಯೇ ದಾಟಬೇಕಾಗಿತ್ತು. ನೀರು ಇಳಿದ ದಡದಲ್ಲಿ ಕೆಂಪು ಮಣ್ಣು. ಅಲ್ಲಲ್ಲಿ ಒಣಗಿದ ಮರದ ಬೊಡ್ಡೆಗಳು. ತಾಯಿಯವರ ಹಳ್ಳಿಯು ಕಾಣಲಿಲ್ಲ. ಅದು ಇನ್ನೂ ಆಳದಲ್ಲಿ. ಅವರು ಕಟಕಟೆಯನ್ನು ಹಿಡಿದು ನಿಂತು ಎದುರಿನ ಗುಡ್ಡವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೊಮ್ಮಗನನ್ನು ಕರೆದು, ಗುಡ್ಡದಿಂದ ಇಷ್ಟು ಕೆಳಗೆ ಮನೆ, ಮನೆಯಿಂದ ಎಡಕ್ಕೆ ಬಾವಿ, ಅದರಾಚೆ ಶಾಲೆ ಎಂದು ನೀರಿನ ಮೇಲೆ ಕೈಯಾಡಿಸಿ ತೋರಿಸಿದರು. ಮೈಸೂರಿನಲ್ಲಿ ಹುಲಿಗಾಗಿ ಅತ್ತಿದ್ದ ಹುಡುಗನು ಅಂದು ಕೇಳಿದಷ್ಟು ಪ್ರಶ್ನೆಗಳನ್ನು ಹಿಂದಿನ ವರ್ಷದ ಆರು ದಿವಸಗಳಲ್ಲಿಯೂ ಕೇಳಿರಲಿಲ್ಲ. ಸಂಜೆ ಬಿಡಾರಕ್ಕೆ ಬಂದ ಮೇಲೆ ತಾಯಿಯವರು, "ಇನ್ನು ಬೇಕಾದರೆ ನಿಮ್ಮ ಮೈಸೂರಿಗೆ ಹೋಗೋಣ," ಎಂದರು.

ಈ ಎರಡು ಪ್ರಯಾಣಗಳಿಂದ ನಾವು ಕಲಿತುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲನೆಯದಾಗಿ, ಊರುಗಳನ್ನು ಎಣಿಸದೆ ರಾತ್ರಿಗಳನ್ನು ಎಣಿಸತಕ್ಕುದು. ಒಂದು ಊರಿನಲ್ಲಿ ಎರಡು ರಾತ್ರಿಗಳಾದರೂ ಇರಲಾಗದಿದ್ದರೆ ಆ ಊರನ್ನು ಪಟ್ಟಿಯಿಂದ ತೆಗೆಯುವುದು ಮೇಲು. ಮೂಲಸ್ಥಾನವನ್ನು ಒಂದೆಡೆ ಮಾಡಿಕೊಂಡು ಸುತ್ತಣ ಸ್ಥಳಗಳಿಗೆ ಹೋಗಿ ಬಂದರೆ ಗಂಟು ಕಟ್ಟುವ ಕಷ್ಟವೂ ತಪ್ಪುವುದು. ಹಾಸನದಲ್ಲಿ ಬಿಡಾರ ಮಾಡಿ ಬೇಲೂರಿಗೊಂದು ದಿವಸ, ಬೆಳಗೊಳಕ್ಕೊಂದು ದಿವಸ ಮೀಸಲಿಟ್ಟಿದ್ದರೆ ನಮ್ಮ ಮೊದಲ ಪ್ರವಾಸವು ಕೆಡುತ್ತಿರಲಿಲ್ಲ.

ಎರಡನೆಯದಾಗಿ, ಊರಿಗೂ ಋತುವಿಗೂ ಇರುವ ಸಂಬಂಧವನ್ನು ನೋಡಬೇಕು. ತಾಳಗುಪ್ಪದವರೆಗೆ ರೈಲಿದೆಯೆಂದು ವಸಂತದಲ್ಲಿ ಜೋಗವನ್ನು ನೋಡಹೋದವರು ಬಂಡೆಯನ್ನು ಕಂಡು ಬರುವರು. ಅದು ಮಳೆಗಾಲದ ಯಾತ್ರೆ. ಬಾದಾಮಿಯ ಗುಹೆಗಳನ್ನೂ ವಿಜಯಪುರದ ಗೋಲಗುಮ್ಮಟವನ್ನೂ ಬಿಸಿಲೇರುವುದಕ್ಕೆ ಮೊದಲೇ, ಪುಷ್ಯ ಮಾಘಗಳಲ್ಲಿ, ನೋಡಿ ಮುಗಿಸಬೇಕು. ಯಾವ ಸ್ಥಳಕ್ಕೆ ಯಾವ ವಾರ ರಜೆಯೆಂಬುದನ್ನು ಮೊದಲೇ ವಿಚಾರಿಸುವುದಂತೂ ಅವಶ್ಯ. ಈಸ್ಟರಿನ ದಿವಸಗಳಲ್ಲಿ ಯೂರೋಪಿನ ಬಹುತೇಕ ಊರುಗಳಲ್ಲಿ ಅಂಗಡಿಗಳು ಮುಚ್ಚುವುವೆಂಬುದನ್ನು ನಮ್ಮ ಸೋದರಳಿಯನೂ ಮರೆಯಬಾರದು.

ಮೂರನೆಯದೇ ಮುಖ್ಯವಾದುದು. ಊರುಗಳನ್ನು ಆರಿಸುವ ಅಧಿಕಾರವು ವೇಳಾಪಟ್ಟಿಯನ್ನು ಓದಬಲ್ಲವನೊಬ್ಬನ ಕೈಯಲ್ಲಿಯೇ ಇರಬಾರದು. ಮನೆಯ ಹಿರಿಯರನ್ನು ಮೊದಲು ಕೇಳಬೇಕು. ತರುಣರು ಇಂದು ಬಿಟ್ಟ ಊರನ್ನು ನಾಳೆ ನೋಡಬಹುದು, ಹಿರಿಯರಿಗೆ ಆ ನಾಳೆಯು ನಿಶ್ಚಯವಲ್ಲ. ಮಕ್ಕಳನ್ನು ಕೇಳಬೇಕು. ಗೃಹಿಣಿಯನ್ನೂ ಕೇಳಬೇಕು, ಆಕೆಯು "ನಿಮ್ಮಿಷ್ಟ" ಎಂದರೆ ಅದನ್ನು ಉತ್ತರವೆಂದು ಭಾವಿಸದೆ ಇನ್ನೊಮ್ಮೆ ಕೇಳಬೇಕು. ನಮ್ಮ ಮನೆಯಲ್ಲಿ ಮೂರನೆಯ ಸಲ ಕೇಳಿದ ಮೇಲೆ ಬಂದ ಉತ್ತರವು, "ಬೆಳಗಿನ ತಿಂಡಿಯನ್ನು ನಾನು ಮಾಡದಿರುವ ಯಾವ ಊರಾದರೂ ಸರಿ," ಎಂಬುದು. ಅದೂ ನ್ಯಾಯವಾದ ಆಯ್ಕೆಯೇ. ಬಿಟ್ಟ ಊರುಗಳನ್ನು ಒಂದು ಕಾಗದದಲ್ಲಿ ಬರೆದು ಪಂಚಾಂಗದ ನಡುವೆ ಇಟ್ಟರೆ ಅವು ಕಳೆದುಹೋದಂತಾಗುವುದಿಲ್ಲ. ಮುಂದಿನ ವರ್ಷಗಳಿಗೆ ಮೀಸಲಾದಂತಾಗುವುದು.

ಸೋದರಳಿಯನಿಗೆ ನಾವು ಹೀಗೆ ಬರೆದಿದ್ದೇವೆ: "ಎಂಟರಲ್ಲಿ ಎರಡನ್ನು ಇಟ್ಟುಕೊ, ಹೆಚ್ಚೆಂದರೆ ಮೂರು. ಮ್ಯೂನಿಕ್ಕಿನಿಂದ ವಿಯೆನ್ನಾಕ್ಕೂ, ವಿಯೆನ್ನಾದಿಂದ ಪ್ರಾಗಿಗೂ ರೈಲಿನಲ್ಲಿ ಸುಮಾರು ನಾಲ್ಕು ನಾಲ್ಕು ಗಂಟೆಯ ದಾರಿಯಾದುದರಿಂದ ಮಗುವಿಗೆ ಅದು ಹಿತವಾದೀತು. ಆದರೆ ಇದೆಲ್ಲ ನಕ್ಷೆಯ ಮಾತು. ನಿನ್ನ ತಾಯಿಯನ್ನು ಕೇಳಿದೆಯಾ?"

ಮೂರು ದಿವಸಗಳಾದ ಮೇಲೆ ಉತ್ತರವು ಬಂದಿತು. ಅವನು ಕೇಳಿದನಂತೆ. ಅವಳಿಗೆ ಪ್ಯಾರಿಸೂ ಬೇಡ, ವೆನಿಸೂ ಬೇಡ. ೧೨೪೮ರಲ್ಲಿ ಆರಂಭವಾಗಿ ೧೮೮೦ರಲ್ಲಿ ಮುಗಿದ ಒಂದು ದೊಡ್ಡ ಇಗರ್ಜಿಯು ಕಲೋನಿನಲ್ಲಿ ಸ್ಟೇಷನ್ನಿನ ಬಾಗಿಲಿಗೇ ಇದೆಯೆಂದು ಸೊಸೆಯು ಓದಿ ಹೇಳಿದ್ದಳಂತೆ. ಇಷ್ಟು ತಲೆಮಾರುಗಳು ಕಾದು ಕಟ್ಟಿದುದನ್ನು ನೋಡಬೇಕು, ಅದಕ್ಕೆ ಹೆಚ್ಚು ನಡೆಯಬೇಕಾಗಿಯೂ ಇಲ್ಲ ಎಂದಳಂತೆ ನಮ್ಮ ಅಕ್ಕ. ಹೀಗೆ ಅವರ ಪಟ್ಟಿಯಲ್ಲಿ ಈಗ ಕಲೋನ್ ಮೊದಲನೆಯದು. ಮಿಕ್ಕುದನ್ನು ಮಿಕ್ಕವರು ಆರಿಸಿಕೊಳ್ಳುತ್ತಿದ್ದಾರೆ. ನಮ್ಮ ಮನೆಯಲ್ಲಿಯೂ ಪಂಚಾಂಗದೊಳಗಿನ ಕಾಗದವು ಹೊರಬಿದ್ದಿದೆ. ಈ ಚೈತ್ರಕ್ಕೆ ಮೈಸೂರು, ನಾಲ್ಕು ರಾತ್ರಿ, ಮಂಗಳವಾರವನ್ನು ಬಿಟ್ಟು.