ಎರಡು ತಕ್ಕಡಿಯ ನ್ಯಾಯ

ನಿಮ್ಮ ಕೇಂದ್ರ ಸರ್ಕಾರವು ಬಹುಮಟ್ಟಿಗೆ ಸರಿಯಾದುದನ್ನೇ ಮಾಡುತ್ತದೆಂದು ನಂಬುತ್ತೀರಾ? ಈ ಪ್ರಶ್ನೆಯನ್ನು ಅಮೆರಿಕದ ಪ್ರಜೆಗಳ ಮುಂದೆ 1958ರಿಂದಲೂ ಇರಿಸುತ್ತ ಬರಲಾಗಿದೆ. 1964ರಲ್ಲಿ ನೂರಕ್ಕೆ 77 ಮಂದಿ ನಂಬುತ್ತೇವೆ ಎಂದಿದ್ದರು. 2024ರಲ್ಲಿ ಹಾಗೆಂದವರು ನೂರಕ್ಕೆ 22 ಮಂದಿ ಮಾತ್ರ. ಅರುವತ್ತು ವರ್ಷಗಳ ಅವಧಿಯಲ್ಲಿ ಒಂದು ಮಹಾರಾಷ್ಟ್ರವು ಯುದ್ಧಗಳನ್ನು ಕಂಡಿತು, ಚಂದ್ರನ ಮೇಲೆ ಕಾಲಿರಿಸಿತು, ಅಪಾರ ಸಂಪತ್ತನ್ನು ಗಳಿಸಿತು. ಆದರೆ ತನ್ನನ್ನು ಆಳುವವರ ಮೇಲಿನ ವಿಶ್ವಾಸವನ್ನು ಮಾತ್ರ ಕಳೆದುಕೊಂಡಿತು.

ಇದು ದೂರದ ದೇಶವೊಂದರ ಸಂಗತಿ, ನಮಗೇಕೆ ಎಂದು ಕೇಳುವವರಿರಬಹುದು. ಅಮೆರಿಕದ ವಯಸ್ಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಕಥೋಲಿಕರು. 1960ರಲ್ಲಿ ಜಾನ್ ಕೆನಡಿ, 2020ರಲ್ಲಿ ಜೋ ಬೈಡನ್, ಹೀಗೆ ಇಬ್ಬರು ಕಥೋಲಿಕರು ಅಲ್ಲಿ ಅಧ್ಯಕ್ಷ ಪದವಿಗೆ ಆಯ್ಕೆಯಾದರು. 2019ರಲ್ಲಿ ಧರ್ಮಸಭೆಯನ್ನು ಸೇರಿದ ಜೆ.ಡಿ. ವ್ಯಾನ್ಸ್ 2025ರ ಜನವರಿಯಲ್ಲಿ ಉಪಾಧ್ಯಕ್ಷರಾದರು. ಅದೇ ವರ್ಷದ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಹುಟ್ಟಿದ ಧರ್ಮಾಧ್ಯಕ್ಷರೊಬ್ಬರು ಹದಿನಾಲ್ಕನೆಯ ಲಿಯೋ ಎಂಬ ಹೆಸರಿನಿಂದ ಪೇತ್ರರ ಪೀಠವನ್ನೇರಿದರು. ಮೇಲಾಗಿ, ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಮಕ್ಕಳು, ಬಂಧುಗಳು ಆ ದೇಶದಲ್ಲಿ ನೆಲೆಸಿದ್ದಾರೆ. ಅಲ್ಲಿಯ ಪಕ್ಷದ್ವೇಷವು ಅವರ ದೂರವಾಣಿ ಮಾತುಗಳಲ್ಲಿ, ಅವರು ಕಳುಹಿಸುವ ಸಂದೇಶಗಳಲ್ಲಿ ನಮ್ಮ ಮನೆಯೊಳಕ್ಕೂ ಬರುತ್ತಿದೆ. ಆದುದರಿಂದ ಈ ರೋಗದ ಮೂಲವನ್ನು ವಿಚಾರಿಸುವುದು ನಮಗೆ ಅಪ್ರಸ್ತುತವಲ್ಲ.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಈ ಅಪನಂಬಿಕೆಯು ನಿಷ್ಕಾರಣವಾಗಿ ಹುಟ್ಟಿದ್ದಲ್ಲ. ಉಪಾಧ್ಯಕ್ಷರಾಗಿದ್ದ ಸ್ಪೈರೋ ಆಗ್ನ್ಯೂ ತೆರಿಗೆ ವಂಚನೆಯ ಆರೋಪವನ್ನು ಎದುರಿಸಲಾರದೆ 1973ರ ಅಕ್ಟೋಬರ್‌ನಲ್ಲಿ ಪದತ್ಯಾಗ ಮಾಡಿದರು. ಲೂಸಿಯಾನದ ಪ್ರತಿನಿಧಿ ವಿಲಿಯಂ ಜೆಫರ್ಸನ್‌ರ ಮನೆಯ ಶೀತಪೆಟ್ಟಿಗೆಯಲ್ಲಿ 2005ರಲ್ಲಿ 90 ಸಾವಿರ ಡಾಲರ್ ನಗದು ದೊರೆಯಿತು. ನ್ಯೂಜೆರ್ಸಿಯ ಸೆನೆಟರ್ ಬಾಬ್ ಮೆನೆಂಡಿಸ್‌ರ ಮನೆಯಲ್ಲಿ ಚಿನ್ನದ ಗಟ್ಟಿಗಳೂ ಕೋಟುಗಳ ಒಳಗೆ ಅಡಗಿಸಿಟ್ಟ ನೋಟುಗಳೂ ಸಿಕ್ಕಿದವು. 2024ರಲ್ಲಿ ಅವರು ಅಪರಾಧಿಯೆಂದು ತೀರ್ಮಾನವಾಗಿ, 2025ರ ಜನವರಿಯಲ್ಲಿ 11 ವರ್ಷಗಳ ಸೆರೆವಾಸದ ಶಿಕ್ಷೆಗೆ ಗುರಿಯಾದರು. ಇವರಲ್ಲಿ ಮೊದಲನೆಯವರು ರಿಪಬ್ಲಿಕನ್ನರು, ಉಳಿದಿಬ್ಬರು ಡೆಮಾಕ್ರಟರು. ದುರಾಸೆಗೆ ಪಕ್ಷಭೇದವಿಲ್ಲ.

ಕಾನೂನಿಗೆ ವಿರುದ್ಧವಾದ ಲಂಚಕ್ಕಿಂತಲೂ ಕಾನೂನಿನ ಒಪ್ಪಿಗೆ ಪಡೆದ ಹಣವೇ ಜನರ ಮನಸ್ಸನ್ನು ಹೆಚ್ಚು ಕೆಡಿಸಿದೆ ಎನ್ನಬೇಕು. ಕೇಂದ್ರ ಚುನಾವಣೆಗಳಿಗೆ ಕಂಪೆನಿಗಳು ದೇಣಿಗೆ ನೀಡಕೂಡದೆಂದು ಅಮೆರಿಕವು 1907ರಲ್ಲಿಯೇ ಕಾಯಿದೆ ಮಾಡಿತ್ತು. ಆದರೆ ಅಭ್ಯರ್ಥಿಗೆ ನೇರವಾಗಿ ಕೊಡದೆ ಸ್ವತಂತ್ರವಾಗಿ ಪ್ರಚಾರಕ್ಕೆ ವ್ಯಯಿಸುವ ಹಣಕ್ಕೆ ಕಂಪೆನಿಗಳ ವಿಷಯದಲ್ಲಿಯೂ ಮಿತಿ ಹೇರುವಂತಿಲ್ಲವೆಂದು 2010ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ತೀರ್ಪಿತ್ತಿತು. ಇಂಥ ವೆಚ್ಚದಿಂದ ಭ್ರಷ್ಟಾಚಾರವಾಗಲಿ, ಭ್ರಷ್ಟಾಚಾರದ ಶಂಕೆಯಾಗಲಿ ಹುಟ್ಟುವುದಿಲ್ಲವೆಂಬುದು ತೀರ್ಪನ್ನು ಬರೆದ ನ್ಯಾಯಮೂರ್ತಿ ಆಂಟನಿ ಕೆನಡಿಯವರ ಅಭಿಪ್ರಾಯವಾಗಿತ್ತು. ಆಮೇಲೆ ನಡೆದುದೇನು? 2020ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಬಯಸಿದ ಮೈಕೆಲ್ ಬ್ಲೂಮ್‌ಬರ್ಗ್ ತಮ್ಮ ಸ್ವಂತ ಹಣ ಸುಮಾರು 100 ಕೋಟಿ ಡಾಲರ್ ಸುರಿದರು. 2024ರಲ್ಲಿ ರಿಪಬ್ಲಿಕನ್ ಪಕ್ಷದ ಪರವಾಗಿ ಇಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರಿಗೂ ಮೀರಿ ವ್ಯಯಿಸಿದರು. ಇನ್ನೊಂದೆಡೆ, 2016ರಲ್ಲಿ ವರ್ಜೀನಿಯದ ಮಾಜಿ ಗವರ್ನರ್ ಬಾಬ್ ಮ್ಯಾಕ್‌ಡೊನೆಲ್‌ರ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಲಂಚವೆಂಬ ಪದದ ವ್ಯಾಪ್ತಿಯನ್ನೇ ಕಿರಿದುಗೊಳಿಸಿತು. ಉದ್ಯಮಿಯೊಬ್ಬನಿಂದ ಅವರು ಪಡೆದ ದುಬಾರಿ ಕೈಗಡಿಯಾರ, ಸಾಲ, ಉಡುಗೊರೆಗಳು ಅಸಹ್ಯಕರವಾಗಿದ್ದರೂ, ಅವನಿಗಾಗಿ ಸಭೆಯೊಂದನ್ನು ಏರ್ಪಡಿಸುವಂತಹ ಕಾರ್ಯವಷ್ಟೇ ಲಂಚದ ಅಪರಾಧವಾಗಲಾರದು ಎಂಬುದು ತೀರ್ಪಿನ ಸಾರ. ನ್ಯಾಯಾಲಯದ ವಾದ ಏನೇ ಇರಲಿ, ಬೆವರು ಸುರಿಸಿ ದುಡಿಯುವ ಸಾಮಾನ್ಯನ ಕಣ್ಣಿಗೆ ಕಾಣುವುದು ಇಷ್ಟೇ: ಹಣವುಳ್ಳವನಿಗೆ ಬಾಗಿಲು ತೆರೆಯುತ್ತದೆ, ಇಲ್ಲದವನಿಗೆ ಮುಚ್ಚಿರುತ್ತದೆ.

ಹಾಗಾದರೆ ಅಮೆರಿಕದ ಜನರು ಭ್ರಷ್ಟತೆಯ ವಿರುದ್ಧ ಎಚ್ಚೆತ್ತುಕೊಂಡಿದ್ದಾರೆಂದು ಸಂತೋಷಪಡಬಹುದೇ? ಇಲ್ಲಿಯೇ ವಿಷಯದ ತಿರುಳು ಅಡಗಿದೆ. ಅಲ್ಲಿಯ ಅಪನಂಬಿಕೆಯು ಭ್ರಷ್ಟತೆಯನ್ನು ಹಿಂಬಾಲಿಸುವುದಕ್ಕಿಂತ ಹೆಚ್ಚಾಗಿ ಪಕ್ಷವನ್ನು ಹಿಂಬಾಲಿಸುತ್ತದೆ. ಶ್ವೇತಭವನದಲ್ಲಿ ತಮ್ಮ ಪಕ್ಷದವರು ಕುಳಿತರೆ ಸರ್ಕಾರದ ಮೇಲಿನ ನಂಬಿಕೆ ಏರುತ್ತದೆ; ಎದುರು ಪಕ್ಷದವರು ಬಂದೊಡನೆ ಇಳಿಯುತ್ತದೆ. ಶೀತಪೆಟ್ಟಿಗೆಯಲ್ಲಿ ಹಣ ಸಿಕ್ಕ ಮೇಲೆಯೂ ಜೆಫರ್ಸನ್‌ರನ್ನು ಅವರ ಕ್ಷೇತ್ರದ ಮತದಾರರು 2006ರಲ್ಲಿ ಮತ್ತೆ ಆರಿಸಿ ಕಳುಹಿಸಿದರು.

ಕ್ಷಮಾದಾನದ ಅಧಿಕಾರವನ್ನೇ ನೋಡೋಣ. ತೆರಿಗೆ ವಂಚನೆಯ ಆರೋಪ ಹೊತ್ತು ದೇಶಬಿಟ್ಟು ಓಡಿದ್ದ ಮಾರ್ಕ್ ರಿಚ್ ಎಂಬ ವ್ಯಾಪಾರಿಗೆ ಬಿಲ್ ಕ್ಲಿಂಟನ್ 2001ರ ಜನವರಿ 20ರಂದು, ತಮ್ಮ ಅಧಿಕಾರದ ಕೊನೆಯ ದಿನ, ಕ್ಷಮಾದಾನ ನೀಡಿದರು. ಆತನ ಮಾಜಿ ಪತ್ನಿ ಡೆಮಾಕ್ರಟಿಕ್ ಪಕ್ಷಕ್ಕೆ ದೊಡ್ಡ ದೇಣಿಗೆ ಕೊಟ್ಟವರಾಗಿದ್ದರು. ಮಗನನ್ನು ಕ್ಷಮಿಸುವುದಿಲ್ಲವೆಂದು ಮತ್ತೆ ಮತ್ತೆ ಹೇಳಿದ್ದ ಬೈಡನ್ 2024ರ ಡಿಸೆಂಬರ್‌ನಲ್ಲಿ ಆತನನ್ನು ಕ್ಷಮಿಸಿದರು. 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದ ಪ್ರಕರಣದ ಸುಮಾರು 1500 ಮಂದಿಗೆ, ಪೊಲೀಸರ ಮೇಲೆ ಕೈಮಾಡಿದವರೂ ಸೇರಿದಂತೆ, ಡೊನಾಲ್ಡ್ ಟ್ರಂಪ್ 2025ರ ಜನವರಿ 20ರಂದು ಕ್ಷಮಾದಾನ ಘೋಷಿಸಿದರು. ಪ್ರತಿಯೊಂದು ಸಲವೂ ಒಂದು ಪಕ್ಷವು ನ್ಯಾಯವೇ ಸತ್ತಿತೆಂದು ಎದೆ ಬಡಿದುಕೊಂಡಿತು. ಇನ್ನೊಂದು ಪಕ್ಷದ ಬಹುತೇಕರು ಮುಖ ತಿರುಗಿಸಿ ಕುಳಿತರು. ತನ್ನ ಪಕ್ಷದವರೇ ಆದ ಕ್ಲಿಂಟನ್‌ರ ಕೃತ್ಯವನ್ನು ಬಹಿರಂಗವಾಗಿ ಖಂಡಿಸಿದ ಜಿಮ್ಮಿ ಕಾರ್ಟರ್‌ರಂಥವರು ವಿರಳ.

ಭ್ರಷ್ಟನಾದ ರಾಜಕಾರಣಿಗೆ ಇದಕ್ಕಿಂತ ಭದ್ರವಾದ ಕೋಟೆ ಬೇರೊಂದಿಲ್ಲ. ಎದುರು ಪಕ್ಷದವರೆಲ್ಲರೂ ದುಷ್ಟರೆಂದು ತನ್ನ ಮತದಾರರನ್ನು ನಂಬಿಸಿಬಿಟ್ಟರೆ ಅವನ ಕೆಲಸವಾಯಿತು. ಆಮೇಲೆ ಅವನ ಮೇಲೆ ಬರುವ ಪ್ರತಿಯೊಂದು ಸಾಕ್ಷ್ಯವೂ ವೈರಿಗಳ ಸಂಚಾಗುತ್ತದೆ. ಅವನನ್ನು ಪ್ರಶ್ನಿಸುವ ಸ್ವಪಕ್ಷದವನು ದ್ರೋಹಿಯಾಗುತ್ತಾನೆ. ಹೀಗೆ, ಭ್ರಷ್ಟತೆಯ ಮೇಲಿನ ಸಿಟ್ಟೇ ಭ್ರಷ್ಟತೆಯ ಕಾವಲುಗಾರನಾಗಿ ಮಾರ್ಪಡುತ್ತದೆ.

ಹಿಂದೆ ಹೀಗಿರಲಿಲ್ಲವೇ? ಪಕ್ಷಾಭಿಮಾನ ಆಗಲೂ ಇತ್ತು. ಆದರೆ 1972ರ ಜೂನ್‌ನಲ್ಲಿ ವಾಟರ್‌ಗೇಟ್ ಕಟ್ಟಡದೊಳಗೆ ನಡೆದ ಕನ್ನದಿಂದ ಆರಂಭವಾದ ಹಗರಣವು ಅಂತ್ಯಗೊಂಡ ಬಗೆಯನ್ನು, ಅದರಲ್ಲಿಯೂ ಕೆಲವು ಕಥೋಲಿಕರು ಅದರಲ್ಲಿ ನಡೆದುಕೊಂಡ ರೀತಿಯನ್ನು, ನಮ್ಮ ಯುವಜನರು ತಿಳಿದಿರಬೇಕು. ಮೊಕದ್ದಮೆಯ ವಿಚಾರಣೆ ನಡೆಸಿದ ನ್ಯಾಯಾಧೀಶ ಜಾನ್ ಸಿರಿಕಾ ಕಥೋಲಿಕರು, ರಿಪಬ್ಲಿಕನ್ ಪಕ್ಷದ ಹಿನ್ನೆಲೆಯವರು. ಆದರೂ ತಮ್ಮ ಪಕ್ಷದ ಅಧ್ಯಕ್ಷ ರಿಚರ್ಡ್ ನಿಕ್ಸನ್‌ರು ಧ್ವನಿಸುರುಳಿಗಳನ್ನು ಒಪ್ಪಿಸಬೇಕೆಂದು ಅವರೇ ಆಜ್ಞೆ ಮಾಡಿದರು. ವಾಗ್ದಂಡನೆಯ ವಿಚಾರಣೆ ನಡೆಸಿದ ಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿಯ ಅಧ್ಯಕ್ಷ ಪೀಟರ್ ರೋಡಿನೋ ಕಥೋಲಿಕರು, ಡೆಮಾಕ್ರಟಿಕ್ ಪಕ್ಷದವರು. 1974ರ ಜುಲೈ 27ರಂದು ಮೊದಲನೆಯ ಆರೋಪಪಟ್ಟಿಯು 27ಕ್ಕೆ 11 ಮತಗಳಿಂದ ಅಂಗೀಕಾರವಾದಾಗ ಅವರು ವಿಜಯೋತ್ಸವ ಆಚರಿಸಲಿಲ್ಲ. ಒಳಕೋಣೆಗೆ ಹೋಗಿ ಅತ್ತರು. ಎದುರಾಳಿಯ ಪತನದಲ್ಲಿ ದೇಶದ ದುಃಖವನ್ನು ಕಾಣುವ ಹೃದಯ ಅವರಿಗಿತ್ತು.

ಅದೇ ಸಮಿತಿಯಲ್ಲಿ ಬೇರೆ ಕಥೋಲಿಕರೂ ಇದ್ದರು. ಒಬ್ಬರು ಯೇಸುಸಭೆಯ ಗುರುಗಳಾದ ಫಾದರ್ ರಾಬರ್ಟ್ ಡ್ರೈನನ್, ಡೆಮಾಕ್ರಟರು. ಮತ್ತೊಬ್ಬರು ಮೇರಿಲ್ಯಾಂಡಿನ ಲಾರೆನ್ಸ್ ಹೋಗನ್, ರಿಪಬ್ಲಿಕನ್ನರು. ಗರ್ಭಪಾತದ ಪ್ರಶ್ನೆಯಲ್ಲಿ ಇವರಿಬ್ಬರದು ಉತ್ತರ-ದಕ್ಷಿಣ. ಡ್ರೈನನ್‌ರ ನಿಲುವು ಧರ್ಮಸಭೆಯಲ್ಲಿ ಅಸಮಾಧಾನಕ್ಕೆ ಕಾರಣವಾಗಿತ್ತು. ಹೋಗನ್‌ರಾದರೋ ಗರ್ಭಪಾತಕ್ಕೆ ಹಕ್ಕಿನ ಸ್ಥಾನ ನೀಡಿದ 1973ರ ಸುಪ್ರೀಂ ಕೋರ್ಟ್ ತೀರ್ಪು ಹೊರಬಿದ್ದ ಕೆಲವೇ ದಿನಗಳಲ್ಲಿ ಅದರ ವಿರುದ್ಧ ಸಂವಿಧಾನ ತಿದ್ದುಪಡಿಯನ್ನು ಮಂಡಿಸಿದವರು. ನಿಕ್ಸನ್‌ರ ಪಕ್ಷ ಗೆಲ್ಲಬೇಕೆಂದು ಬಯಸಲು ಹೋಗನ್‌ರಿಗೆ ಆತ್ಮಸಾಕ್ಷಿಯ ಕಾರಣವೇ ಇತ್ತು. ಗರ್ಭಸ್ಥ ಶಿಶುವಿನ ಪ್ರಾಣದ ಮುಂದೆ ಒಂದು ಕನ್ನ, ಒಂದೆರಡು ಸುಳ್ಳು ಯಾವ ಲೆಕ್ಕವೆಂದು ಅವರು ವಾದಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಸಾಕ್ಷ್ಯವನ್ನು ಓದಿದರು, ಸಮಿತಿಯ 17 ರಿಪಬ್ಲಿಕನ್ನರಲ್ಲಿ, ಅಂಗೀಕಾರವಾದ ಮೂರೂ ಆರೋಪಪಟ್ಟಿಗಳ ಪರವಾಗಿ ಮತ ನೀಡಿದ ಒಬ್ಬರೇ ಒಬ್ಬರಾದರು. ಅದೇ ವರ್ಷ ಗವರ್ನರ್ ಹುದ್ದೆಗೆ ಸ್ಪರ್ಧಿಸಬಯಸಿದಾಗ ಸ್ವಪಕ್ಷದ ಮತದಾರರು ಅವರನ್ನು ತಿರಸ್ಕರಿಸಿದರು. ಸತ್ಯಕ್ಕೆ ಅವರು ಬೆಲೆ ತೆತ್ತರು. ಆಗಸ್ಟ್ 7ರಂದು ಬ್ಯಾರಿ ಗೋಲ್ಡ್‌ವಾಟರ್ ಮೊದಲಾದ ರಿಪಬ್ಲಿಕನ್ ಹಿರಿಯರು ಶ್ವೇತಭವನಕ್ಕೆ ತೆರಳಿ, ಸೆನೆಟ್ಟಿನಲ್ಲಿ ನಿಮ್ಮನ್ನು ಉಳಿಸುವಷ್ಟು ಬೆಂಬಲವಿಲ್ಲವೆಂದು ನಿಕ್ಸನ್‌ರಿಗೆ ತಿಳಿಸಿದರು. ಆಗಸ್ಟ್ 9ರಂದು ನಿಕ್ಸನ್ ಪದವಿ ತೊರೆದರು.

ಮುಂದಿನ ಕಾಲದ ಲೆಕ್ಕವನ್ನು ನೋಡಿ. 1999ರಲ್ಲಿ ಕ್ಲಿಂಟನ್‌ರ ವಿಚಾರಣೆಯಲ್ಲಿ ಅವರು ತಪ್ಪಿತಸ್ಥರೆಂದು ಮತ ನೀಡಿದ ಡೆಮಾಕ್ರಟಿಕ್ ಸೆನೆಟರ್ ಒಬ್ಬರೂ ಇರಲಿಲ್ಲ. 2020ರಲ್ಲಿ ಟ್ರಂಪ್‌ರ ಮೊದಲನೆಯ ವಿಚಾರಣೆಯಲ್ಲಿ ಹಾಗೆ ಮಾಡಿದ ರಿಪಬ್ಲಿಕನ್ ಸೆನೆಟರ್ ಮಿಟ್ ರೋಮ್ನಿ ಒಬ್ಬರೇ. 2021ರಲ್ಲಿ ಏಳು ಮಂದಿ. ಅವರಲ್ಲಿ ಕೆಲವರನ್ನು ಅವರವರ ರಾಜ್ಯದ ಪಕ್ಷ ಘಟಕಗಳು ಖಂಡಿಸಿ ನಿರ್ಣಯ ಕೈಗೊಂಡವು. ಬೆಳಕು ಪೂರ್ತಿ ಆರಿದೆಯೆಂದೇನೂ ಅಲ್ಲ. 2023ರ ಡಿಸೆಂಬರ್‌ನಲ್ಲಿ, ಬಹುಮತ ಅತ್ಯಲ್ಪವಾಗಿದ್ದಾಗಲೂ, 105 ಮಂದಿ ರಿಪಬ್ಲಿಕನ್ನರು ಎದುರು ಪಕ್ಷದವರೊಡನೆ ಸೇರಿ ತಮ್ಮದೇ ಪಕ್ಷದ ಜಾರ್ಜ್ ಸ್ಯಾಂಟೋಸ್‌ರನ್ನು ಪ್ರತಿನಿಧಿ ಸಭೆಯಿಂದ ಉಚ್ಚಾಟಿಸಿದರು. ಆದರೆ ವಂಚನೆಗಾಗಿ ಆತನಿಗೆ ವಿಧಿಸಲಾದ ಏಳು ವರ್ಷಕ್ಕೂ ಮೀರಿದ ಶಿಕ್ಷೆಯನ್ನು 2025ರ ಅಕ್ಟೋಬರ್‌ನಲ್ಲಿ ಟ್ರಂಪ್ ಮೊಟಕುಗೊಳಿಸಿ ಬಿಡುಗಡೆ ಮಾಡಿದರು.

ಇದನ್ನೆಲ್ಲ ಹೇಳುವಾಗ ಕಥೋಲಿಕರಾದ ನಾವು ತಲೆಯೆತ್ತಿ ಉಪದೇಶ ಮಾಡುವ ಸ್ಥಿತಿಯಲ್ಲಿಲ್ಲ. ಮಕ್ಕಳ ಮೇಲೆ ದೌರ್ಜನ್ಯವೆಸಗಿದ ಗುರುಗಳನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸಿ ಸತ್ಯವನ್ನು ಮುಚ್ಚಿಟ್ಟ ಸಂಗತಿಯು 2002ರಲ್ಲಿ ಬಾಸ್ಟನ್ ನಗರದಲ್ಲಿ ಬಯಲಾಯಿತು. ಆ ವರ್ಷದ ಕೊನೆಯಲ್ಲಿ ಅಲ್ಲಿಯ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ನೀಡಿದರು. 2019ರಲ್ಲಿ ಮಾಜಿ ಕಾರ್ಡಿನಲ್ ಥಿಯೋಡೋರ್ ಮೆಕ್ಯಾರಿಕ್‌ರನ್ನು ಗುರುಪದವಿಯಿಂದಲೇ ತೆಗೆದುಹಾಕಲಾಯಿತು. ಸತ್ಯವನ್ನು ಮುಚ್ಚಿಟ್ಟವರನ್ನು ಯಾವ ಭಯ ಆಳಿತ್ತು? ವಿಷಯ ಹೊರಬಿದ್ದರೆ ಧರ್ಮಸಭೆಯ ಹೆಸರು ಕೆಡುತ್ತದೆ, ವಿರೋಧಿಗಳಿಗೆ ಅಸ್ತ್ರ ಸಿಕ್ಕಂತಾಗುತ್ತದೆ ಎಂಬ ಭಯ. ಪಕ್ಷಗಳು ತಮ್ಮವರನ್ನು ರಕ್ಷಿಸುವಾಗ ಆಡುವ ಮಾತೂ ಇದೇ. ನಮ್ಮವರ ತಪ್ಪನ್ನು ಮುಚ್ಚಿ ಉಳಿಸಿಕೊಂಡ ಗೌರವವು ಎಂಥದೆಂದು ನಮಗೆ ಈಗ ತಿಳಿದಿದೆ. ಅದರ ಬೆಲೆಯನ್ನು ತೆತ್ತವರು ಏನೂ ಅರಿಯದ ಮಕ್ಕಳು.

ಎರಡು ಪಕ್ಷಗಳೂ ಒಂದೇ, ಎಲ್ಲರೂ ಕಳ್ಳರೇ ಎಂದು ಕೈಬಿಟ್ಟುಬಿಡೋಣವೇ? ಅದು ಪಿಲಾತನು ಕೈತೊಳೆದುಕೊಂಡಂತಾಗುತ್ತದೆ. ಎಲ್ಲರೂ ಕಳ್ಳರೆಂದರೆ ನಿಜವಾದ ಕಳ್ಳನಿಗೇ ಲಾಭ. ಪ್ರಾಮಾಣಿಕನಿಗೆ ಮಾತ್ರ ನಷ್ಟ. ಎಲ್ಲ ತಪ್ಪುಗಳೂ ಸಮತೂಕದವೂ ಅಲ್ಲ. 2020ರ ಚುನಾವಣೆಯಲ್ಲಿ ಮೋಸ ನಡೆಯಿತೆಂಬ ಆರೋಪವನ್ನು ನ್ಯಾಯಾಲಯಗಳು, ಟ್ರಂಪ್ ಅವರೇ ನೇಮಿಸಿದ್ದ ನ್ಯಾಯಾಧೀಶರೂ ಸೇರಿದಂತೆ, ತಳ್ಳಿಹಾಕಿದವು. ಆದರೂ ಆ ಆರೋಪವನ್ನು ನಂಬಿದ ಗುಂಪು ಸಂಸತ್ ಭವನಕ್ಕೆ ನುಗ್ಗಿತು. ಇದನ್ನು ಇನ್ನಾರದೋ ಸಣ್ಣ ತಪ್ಪಿನೊಡನೆ ಸರಿದೂಗಿಸಿ ಸುಮ್ಮನಾಗುವುದು ನ್ಯಾಯವಲ್ಲ. ಒಂದೊಂದನ್ನೂ ಅದರದರ ಸಾಕ್ಷ್ಯದ ಮೇಲೆ ತೂಗಬೇಕು. ತೂಗುವ ತಕ್ಕಡಿ ಮಾತ್ರ ಒಂದೇ ಆಗಿರಬೇಕು.

ಕಳ್ಳ ತಕ್ಕಡಿಯು ದೇವರಿಗೆ ಅಸಹ್ಯವೆಂದು ಪವಿತ್ರ ಗ್ರಂಥವು ವ್ಯಾಪಾರಿಗಳಿಗಷ್ಟೇ ಬೋಧಿಸಿಲ್ಲ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ಮನಸ್ಸಿನಲ್ಲಿ ನಿಜವೆಂದುಕೊಳ್ಳುವುದೂ ಎಂಟನೆಯ ಆಜ್ಞೆಗೆ ವಿರುದ್ಧವೆಂದು ನಮ್ಮ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. 2015ರ ಸೆಪ್ಟೆಂಬರ್ 24ರಂದು ಅಮೆರಿಕದ ಸಂಸತ್ತಿನಲ್ಲಿ ಮಾತನಾಡಿದ ಪೋಪ್ ಫ್ರಾನ್ಸಿಸರು, ಜಗತ್ತನ್ನು ನೀತಿವಂತರು ಮತ್ತು ಪಾಪಿಗಳೆಂಬ ಎರಡೇ ಪಾಳೆಯಗಳಾಗಿ ಒಡೆದು ನೋಡುವ ಚಟದ ವಿರುದ್ಧ ಎರಡೂ ಪಕ್ಷದವರನ್ನು ಎಚ್ಚರಿಸಿದರು. ಪಾಪಿಗೂ ಭ್ರಷ್ಟನಿಗೂ ಇರುವ ಅಂತರವನ್ನೂ ಅವರು ಆಗಾಗ್ಗೆ ವಿವರಿಸುತ್ತಿದ್ದರು: ಪಾಪಿಯು ತನ್ನ ತಪ್ಪನ್ನು ಬಲ್ಲನು, ಆದುದರಿಂದ ಕ್ಷಮೆ ಬೇಡಬಲ್ಲನು, ಭ್ರಷ್ಟನಾದವನಿಗೆ ಕ್ಷಮೆ ಬೇಡುವ ಅಗತ್ಯವೇ ಕಾಣುವುದಿಲ್ಲ. ಈ ಅಳತೆಯಿಂದ ನೋಡಿದರೆ, ತನ್ನ ಪಕ್ಷದ ತಪ್ಪನ್ನು ಎಂದೂ ಕಾಣಲಾರದ ಮತದಾರನೂ, ಲಂಚವನ್ನು ಮುಟ್ಟದಿದ್ದರೂ, ಭ್ರಷ್ಟತೆಯ ಹೊಸ್ತಿಲಲ್ಲಿಯೇ ನಿಂತಿದ್ದಾನೆ.

ಆದುದರಿಂದ ಆ ದೇಶದಲ್ಲಿರುವ ನಮ್ಮ ಬಂಧುಗಳಿಗೂ, ಅವರ ಸಂದೇಶಗಳನ್ನು ಇಲ್ಲಿ ಓದುವ ನಮಗೂ ಒಂದೇ ಒಂದು ಪರೀಕ್ಷೆ ಸಾಕು. ರಾಜಕಾರಣಿಯೊಬ್ಬನ ಹಗರಣದ ಸುದ್ದಿ ಬಂದಾಗ, ಇದನ್ನು ನಮ್ಮವನೇ ಮಾಡಿದ್ದರೆ ನಾನು ಏನೆನ್ನುತ್ತಿದ್ದೆ ಎಂದು ಕೇಳಿಕೊಳ್ಳೋಣ. ಉತ್ತರ ಬದಲಾಗುವುದಾದರೆ ದೋಷ ಸುದ್ದಿಯಲ್ಲಿಲ್ಲ, ನಮ್ಮ ತಕ್ಕಡಿಯಲ್ಲಿದೆ. ಆ ಸುದ್ದಿಯನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ, ಅದಕ್ಕೆ ಆಧಾರವೇನೆಂದು ವಿಚಾರಿಸುವ ತಾಳ್ಮೆಯೂ ನಮಗಿರಲಿ. ಅಲ್ಲಿಯ ಪಕ್ಷಗಳ ಹೆಸರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರೆ ಅದರಿಂದ ಯಾವ ಭ್ರಷ್ಟನೂ ಸೆರೆಮನೆ ಸೇರುವುದಿಲ್ಲ. ಒಂದು ಕುಟುಂಬ ಮಾತ್ರ ಒಡೆಯುತ್ತದೆ.

ಆಳುವವರಿಗಾಗಿ ಪ್ರಾರ್ಥಿಸಬೇಕೆಂದು ಸಂತ ಪೌಲರು ತಿಮೊಥೇಯನಿಗೆ ಬರೆದ ಕಾಲದಲ್ಲಿ ಆಳುತ್ತಿದ್ದವರು ಕ್ರೈಸ್ತರಾಗಿರಲಿಲ್ಲ, ಕ್ರೈಸ್ತರ ಮಿತ್ರರೂ ಆಗಿರಲಿಲ್ಲ. ಆದರೂ ಯಾರನ್ನೂ ಹೊರಗಿಡದೆ ಪ್ರಾರ್ಥಿಸಿರೆಂದು ಅವರು ವಿಧಿಸಿದರು. ನಮ್ಮ ಬಲಿಪೂಜೆಯ ಸಾರ್ವತ್ರಿಕ ಪ್ರಾರ್ಥನೆಯಲ್ಲಿಯೂ ನಾಯಕರಿಗಾಗಿ ಬಿನ್ನಹ ಮಾಡುವಾಗ ಪಕ್ಷದ ಹೆಸರಿಲ್ಲ. ನಾವು ಮತ ನೀಡದವನಿಗಾಗಿಯೂ ಮನಃಪೂರ್ವಕವಾಗಿ ಪ್ರಾರ್ಥಿಸೋಣ. ನಾವು ಮತ ನೀಡಿದವನನ್ನೂ ನಿರ್ಭಯವಾಗಿ ಪ್ರಶ್ನಿಸೋಣ. ಈ ಎರಡು ಕೆಲಸಗಳನ್ನು ಮಾಡುವ ಪ್ರಜೆಗಳಿರುವವರೆಗೂ ಯಾವ ಪ್ರಜಾಪ್ರಭುತ್ವದ ಭರವಸೆಯೂ ಬತ್ತಲಾರದು.